ಪರಿಚಯದಿಂದ ಕೆಲಸ ಹುಡುಕುವ ಕ್ರಮ: ದಾವಣಗೆರೆ, ಚಿತ್ರದುರ್ಗದವರಿಗೆ ಹಂತ ಹಂತದ ಮಾರ್ಗದರ್ಶಿ

"ನೂರು ಕಡೆ ರೆಸ್ಯೂಮೆ ಹಾಕಿದೀನಿ, ಒಬ್ರೂ ಫೋನ್ ಮಾಡಿಲ್ಲ." ಹೀಗೆ ಹೇಳುವವರು ಹಿಡಿದ ದಾರಿ ಕೇಳಿ ನೋಡಿ, ಹೆಚ್ಚುಕಮ್ಮಿ ಒಂದೇ ಇರುತ್ತದೆ. ಮೊದಲು ಸೈಬರ್ ಸೆಂಟರ್‌ನಲ್ಲಿ ರೆಸ್ಯೂಮೆ ಮಾಡಿಸುತ್ತಾರೆ. ಅದನ್ನು ಸಿಕ್ಕ ಜಾಬ್ ಪೋರ್ಟಲ್‌ಗಳಿಗೆಲ್ಲ ಹಾಕುತ್ತಾರೆ. ಆಮೇಲೆ ಗೊತ್ತಿದ್ದವರಿಗೆಲ್ಲ "ಎಲ್ಲಾದ್ರೂ ಕೆಲಸ ಇದ್ರೆ ಹೇಳಿ ಸರ್" ಎಂದು ವಾಟ್ಸಾಪ್ ಕಳಿಸುತ್ತಾರೆ. ಎಲ್ಲಿಂದಲೋ ಇಂಟರ್‌ವ್ಯೂಗೆ ಕರೆ ಬಂದರೆ, ಆ ಕಂಪನಿ ಏನು ಮಾಡುತ್ತದೆ ಎಂದು ಹಿಂದಿನ ರಾತ್ರಿ ಕೂತು ಹುಡುಕುತ್ತಾರೆ.

ಈ ಕ್ರಮವೇ ತಲೆಕೆಳಗು. ಕಂಪನಿಯ ಬಗ್ಗೆ ವಿಚಾರಿಸುವುದು ಮೊದಲಾಗಬೇಕು, ಜನರನ್ನು ಕಾಣುವುದು ಆಮೇಲೆ, ರೆಸ್ಯೂಮೆ ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ. ನಡುವೆ ಒಂದನ್ನು ಹಾರಿಸಿದರೆ ಮುಂದಿನದು ಕೆಲಸ ಮಾಡುವುದಿಲ್ಲ. ಇದು ಖಾಸಗಿ ಕೆಲಸಕ್ಕೆ ಮಾತ್ರ. ಕೆಪಿಎಸ್‌ಸಿ, ಕೆಇಎ ಪರೀಕ್ಷೆಗಳ ದಾರಿಯೇ ಬೇರೆ.

ಶುರು ಮಾಡುವ ಮುನ್ನ ಕೈಯಲ್ಲಿ ಏನಿರಬೇಕು

ಒಂದು ನೂರು ಪುಟದ ನೋಟ್‌ಬುಕ್, ಇಲ್ಲವೇ ಫೋನಿನಲ್ಲಿ ಒಂದು ಶೀಟ್. ನಿಮ್ಮ ಹೆಸರಿರುವ ನೆಟ್ಟಗಿನ ಇಮೇಲ್ ವಿಳಾಸ. ಕಾಲೇಜಿನಲ್ಲಿ ತಮಾಷೆಗೆ ಮಾಡಿಕೊಂಡ ಐಡಿ ಬೇಡ. ಲಿಂಕ್ಡ್‌ಇನ್ ಖಾತೆ. ವಾಟ್ಸಾಪ್ ಡಿಪಿಯಲ್ಲಿ ಸಿನಿಮಾ ಹೀರೊ ಬದಲು ನಿಮ್ಮದೇ ಮುಖ. ಇಷ್ಟು ಸಾಕು, ದುಡ್ಡು ಕೊಟ್ಟು ಕೊಳ್ಳುವಂಥದ್ದು ಏನೂ ಇಲ್ಲ.

ಹಂತ 1: ಕೆಲಸಕ್ಕೆ ಒಂದು ಹೆಸರಿಡಿ

"ಯಾವ್ದಾದ್ರೂ ಪರ್ವಾಗಿಲ್ಲ" ಎನ್ನುವವರಿಗೆ ಯಾರೂ ಸಹಾಯ ಮಾಡಲಾರರು, ಮನಸ್ಸಿದ್ದರೂ. ಕೇಳಿಸಿಕೊಂಡವರ ತಲೆಯಲ್ಲಿ ಯಾವ ಅಂಗಡಿ, ಯಾವ ಫ್ಯಾಕ್ಟರಿಯ ಚಿತ್ರವೂ ಮೂಡುವುದಿಲ್ಲ. ಅದೇ "ಟ್ಯಾಲಿ, ಜಿಎಸ್‌ಟಿ ರಿಟರ್ನ್ ಗೊತ್ತು, ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ನೋಡ್ತಿದ್ದೀನಿ" ಎಂದರೆ ಎರಡು ಹೆಸರಾದರೂ ಹೊಳೆಯುತ್ತವೆ.

ನೀವು ಓದಿದ್ದಕ್ಕೆ ಹೊಂದುವ ಹತ್ತು ಜಾಹೀರಾತು ತೆಗೆದು, ಮತ್ತೆ ಮತ್ತೆ ಬರುವ ಪದಗಳಿಗೆ ಗೆರೆ ಹಾಕಿ. ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿದವರಿಗೆ ಮೇಂಟೆನೆನ್ಸ್, ಕ್ವಾಲಿಟಿ, ಸಿಎನ್‌ಸಿ ಎಂದು ಬೇರೆ ಬೇರೆ ದಾರಿಗಳು ಕಾಣುತ್ತವೆ. ಅದರಲ್ಲಿ ಎರಡನ್ನು ಮಾತ್ರ ಇಟ್ಟುಕೊಳ್ಳಿ. ಅದರ ಕೆಳಗೆ ಎಲ್ಲಿಯವರೆಗೆ ಹೋಗಬಲ್ಲಿರಿ, ಕನಿಷ್ಠ ಎಷ್ಟು ಸಂಬಳಕ್ಕೆ ಒಪ್ಪಬಲ್ಲಿರಿ ಎಂಬುದನ್ನೂ ಬರೆದಿಡಿ. ಮನೆಯವರ ಜೊತೆ ಈ ಮಾತು ಈಗಲೇ ಮುಗಿದಿರಲಿ. ಆಫರ್ ಕೈಗೆ ಬಂದ ಮೇಲೆ "ಅಷ್ಟು ದೂರ ಬೇಡ" ಎಂದರೆ, ನಿಮ್ಮ ಹೆಸರು ಹೇಳಿದವರ ಮುಖ ಕೆಡುತ್ತದೆ.

ಹಂತ 2: ಕಂಪನಿಗಳ ಪಟ್ಟಿ ಮಾಡಿ, ಜಾಹೀರಾತಿಗೆ ಕಾಯಬೇಡಿ

ನಮ್ಮ ಕಡೆ ಸಣ್ಣ, ಮಧ್ಯಮ ಕಂಪನಿಗಳು ಜಾಹೀರಾತು ಕೊಡುವುದೇ ಅಪರೂಪ. ಒಬ್ಬರು ಬಿಟ್ಟರೆ ಮಾಲೀಕರು ಒಳಗಿನವರನ್ನು ಕೇಳುತ್ತಾರೆ, "ಯಾರಾದ್ರೂ ಹುಡುಗ್ರು ಇದಾರಾ?" ಅಲ್ಲಿಗೆ ಮುಗಿಯಿತು. ಹಾಗಾಗಿ ಕೆಲಸ ಖಾಲಿ ಇದೆಯೋ ಇಲ್ಲವೋ ಎಂದು ಯೋಚಿಸದೆ, ನಿಮ್ಮ ಕೆಲಸ ಇರಬಹುದಾದ 25-30 ಜಾಗಗಳ ಪಟ್ಟಿ ಮಾಡಿ.

ದಾವಣಗೆರೆಯಲ್ಲಾದರೆ ಕರೂರು ಇಂಡಸ್ಟ್ರಿಯಲ್ ಏರಿಯಾ, ಪಿ.ಬಿ. ರಸ್ತೆಯ ಶೋರೂಮ್‌ಗಳು, ಎಪಿಎಂಸಿ ಮತ್ತು ಮಂಡಿಪೇಟೆಯ ಸಗಟು ಅಂಗಡಿಗಳು, ಅಕ್ಕಿ ಗಿರಣಿಗಳು, ಆಸ್ಪತ್ರೆ ಮತ್ತು ಲ್ಯಾಬ್‌ಗಳು, ಕಾಲೇಜುಗಳ ಆಫೀಸು. ಹರಿಹರದ ವರ್ಕ್‌ಶಾಪ್‌ಗಳನ್ನು, ಹೊಳೆ ದಾಟಿದರೆ ಸಿಗುವ ಕುಮಾರಪಟ್ಟಣದ ಫ್ಯಾಕ್ಟರಿಯನ್ನು, ಅದಕ್ಕೆ ಕಾಂಟ್ರಾಕ್ಟ್ ಕೆಲಸ ಮಾಡುವವರನ್ನು ಬಿಡಬೇಡಿ. ಚಿತ್ರದುರ್ಗದವರಿಗೆ ಗಣಿ ಕಂಪನಿಗಳು, ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಸಂಸ್ಥೆಗಳು, ಹೆದ್ದಾರಿ ಬದಿಯ ಲಾಜಿಸ್ಟಿಕ್ಸ್. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳು. ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಐಐಎಸ್‌ಸಿ ಕ್ಯಾಂಪಸ್ ಇದೆ. ಇಂಥ ದೊಡ್ಡ ಸಂಸ್ಥೆಗಳ ಕಾಯಂ ಹುದ್ದೆಗೆ ಅಧಿಸೂಚನೆ ಬರಬೇಕು. ಆದರೆ ಅಲ್ಲಿ ಕಟ್ಟಡ, ವಿದ್ಯುತ್, ಮೇಂಟೆನೆನ್ಸ್ ಹಿಡಿದ ಗುತ್ತಿಗೆದಾರರು ಯಾರು ಎಂದು ನೋಡಿಡಿ.

ಗೂಗಲ್ ಮ್ಯಾಪ್ ಸಾಲದು. ಬೈಕಿನಲ್ಲೊಂದು ಸುತ್ತು ಹೋಗಿ ಬೋರ್ಡುಗಳ ಫೋಟೊ ಹೊಡೆದುಕೊಂಡು ಬನ್ನಿ. ಜಿಎಸ್‌ಟಿ ನೋಂದಣಿ ಆದವರು ತಮ್ಮ ಸಂಖ್ಯೆಯನ್ನು ಬಾಗಿಲ ಬೋರ್ಡಿನ ಮೇಲೆ ಬರೆಸಬೇಕೆಂಬ ನಿಯಮ ಇದೆ. 15 ಅಕ್ಷರಗಳ ಆ ಸಂಖ್ಯೆ ಮುಂದಿನ ಹಂತಕ್ಕೆ ಬೇಕು.

ಸರ್ಕಾರದ ದಾರಿಗಳನ್ನೂ ಇದೇ ವಾರ ಮುಗಿಸಿ: ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್, ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವೀಸ್, ಐಟಿಐ-ಡಿಪ್ಲೊಮಾದವರಿಗೆ ಅಪ್ರೆಂಟಿಸ್ ಪೋರ್ಟಲ್. ಹೆಸರು ನೋಂದಾಯಿಸಿ, ಅಷ್ಟಕ್ಕೇ ಬಿಡಿ. ಅದನ್ನೇ ನಂಬಿ ಕೂರುವಂಥದ್ದಲ್ಲ.

ಹಂತ 3: ಪ್ರತಿ ಕಂಪನಿಯ ಜಾತಕ ತೆಗೆಯಿರಿ

ಹೆಚ್ಚಿನವರು ಹಾರಿಸುವುದು ಈ ಹಂತವನ್ನೇ. ಒಂದು ಕಂಪನಿಗೆ ಅರ್ಧ ಗಂಟೆ ಸಾಕು, ಎಲ್ಲವೂ ಉಚಿತ.

ಮೊದಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿ. ಲಾಗಿನ್ ಬೇಡ. ಕಾನೂನುಬದ್ಧ ಹೆಸರು, ನೋಂದಣಿ ದಿನಾಂಕ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ರಿಟರ್ನ್ ಸಲ್ಲಿಸುತ್ತಿದ್ದಾರೋ ಎಂಬುದು ತಿಳಿಯುತ್ತದೆ. ಕರ್ನಾಟಕದ ಸಂಖ್ಯೆ 29ರಿಂದ ಶುರುವಾಗುತ್ತದೆ. ಹಲವು ತಿಂಗಳು ರಿಟರ್ನ್ ಹಾಕದ ಕಡೆ ಸಂಬಳವೂ ಹಾಗೇ ಎಂದು ಇಟ್ಟುಕೊಳ್ಳಿ.

ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಲೆಟರ್‌ಹೆಡ್‌ನಲ್ಲಿ 21 ಅಕ್ಷರಗಳ ಸಿಐಎನ್ (ಕಂಪನಿಯ ನೋಂದಣಿ ಸಂಖ್ಯೆ) ಇರುತ್ತದೆ. ಅದರೊಳಗೆ ರಾಜ್ಯದ ಎರಡು ಅಕ್ಷರ ಆದ ಮೇಲೆ ಬರುವ ನಾಲ್ಕು ಅಂಕಿಯೇ ಕಂಪನಿ ನೋಂದಣಿಯಾದ ವರ್ಷ. "ಇಪ್ಪತ್ತು ವರ್ಷದ ಕಂಪನಿ" ಎಂದು ಬಾಯಲ್ಲಿ ಹೇಳಿ, ನಂಬರಿನಲ್ಲಿ 2023 ಇದ್ದರೆ ಕಾರಣ ಕೇಳಿ.

ನನಗೆ ತುಂಬಾ ಉಪಯುಕ್ತ ಅನ್ನಿಸುವುದು ಇಪಿಎಫ್‌ಒ (ನೌಕರರ ಭವಿಷ್ಯ ನಿಧಿ, ಅಂದರೆ ಪಿಎಫ್ ನೋಡಿಕೊಳ್ಳುವ ಸಂಸ್ಥೆ) ವೆಬ್‌ಸೈಟಿನ ಎಸ್ಟಾಬ್ಲಿಷ್‌ಮೆಂಟ್ ಸರ್ಚ್. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ಪಿಎಫ್ ಕಡ್ಡಾಯ. ಹೆಸರು ಹಾಕಿ ಹುಡುಕಿ ಪೇಮೆಂಟ್ ವಿವರ ತೆರೆದರೆ, ಯಾವ ತಿಂಗಳ ಪಿಎಫ್ ಯಾವತ್ತು ಕಟ್ಟಿದ್ದಾರೆ, ಎಷ್ಟು ಜನರಿಗೆ ಕಟ್ಟಿದ್ದಾರೆ ಎಂಬ ಸಾಲುಗಳು ಕಾಣುತ್ತವೆ. ಒಂದು ವರ್ಷದ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಸಂಖ್ಯೆ ಏರುತ್ತಿದ್ದರೆ ಜನ ತೆಗೆದುಕೊಳ್ಳುತ್ತಿದ್ದಾರೆ. ಪ್ರತಿ ತಿಂಗಳು ಐದಾರು ಹತ್ತಿ ಇಳಿಯುತ್ತಿದ್ದರೆ ಅಲ್ಲಿ ಯಾರೂ ನಿಲ್ಲುತ್ತಿಲ್ಲ. ಎರಡು ಮೂರು ತಿಂಗಳ ಪಿಎಫ್ ಒಟ್ಟಿಗೆ ಕಟ್ಟಿದ್ದರೆ ಕೈಯಲ್ಲಿ ದುಡ್ಡಿನ ಬಿಗಿ ಇದೆ ಎಂದರ್ಥ. ಯಾವ ಎಚ್‌ಆರ್ ಕೂಡ ನಿಮಗೆ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಕೊನೆಗೆ ನೋಟ್‌ಬುಕ್ಕಿನಲ್ಲಿ ಕಂಪನಿಗೊಂದು ಪುಟ: ಏನು ಮಾಡುತ್ತಾರೆ, ಯಾರಿಗೆ ಮಾರುತ್ತಾರೆ, ನನ್ನ ಕೆಲಸ ಅಲ್ಲಿ ಯಾವ ವಿಭಾಗದಲ್ಲಿ ಇರಬಹುದು. ಪಟ್ಟಿಯಲ್ಲಿ ಹತ್ತಾದರೂ ಇಲ್ಲೇ ಉದುರಿ ಹೋಗಬೇಕು. ಉದುರದಿದ್ದರೆ ನೀವು ಸರಿಯಾಗಿ ನೋಡಿಲ್ಲ.

ಹಂತ 4: ಹತ್ತಿರದವರನ್ನು ಬಿಟ್ಟು ನಡುವಿನವರನ್ನು ಹುಡುಕಿ

ಜನ ಮೊದಲು ಕೇಳುವುದು ಚಿಕ್ಕಪ್ಪನನ್ನು, ಪಕ್ಕದ ಮನೆಯವರನ್ನು, ಜೊತೆಗೆ ಓದಿದವರನ್ನು. ಅವರಿಗೆ ಪ್ರೀತಿ ಇದೆ, ಆದರೆ ಅವರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಕೆಲಸದ ಸುದ್ದಿ ಹೆಚ್ಚಾಗಿ ಅಷ್ಟಕ್ಕಷ್ಟೇ ಪರಿಚಯ ಇರುವವರಿಂದ ಬರುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದಾರೆ.

ನಮ್ಮೂರಿನಲ್ಲಿ ಆ ಜನ ಯಾರು? ದಿನಾ ಹತ್ತು ಕಂಪನಿಯ ಬಾಗಿಲು ತುಳಿಯುವವರು. ಅಕೌಂಟ್ಸ್ ಕೆಲಸಕ್ಕೆ ಆಡಿಟರ್ ಆಫೀಸು, ಟ್ಯಾಕ್ಸ್ ಪ್ರಾಕ್ಟೀಷನರ್‌ಗಳು, ಟ್ಯಾಲಿ ಸಾಫ್ಟ್‌ವೇರ್ ಮಾರಿ ಸರ್ವೀಸ್ ಕೊಡುವವರು. ಯಾವ ದಲಾಲಿ ಅಂಗಡಿಯ ಗುಮಾಸ್ತ ಬಿಟ್ಟ, ಯಾರ ಲೆಕ್ಕ ಮೂರು ತಿಂಗಳಿಂದ ಬಾಕಿ ಬಿದ್ದಿದೆ ಎಂಬುದು ಮೊದಲು ಗೊತ್ತಾಗುವುದು ಅವರಿಗೆ. ಆಸ್ಪತ್ರೆ, ಲ್ಯಾಬ್, ಫಾರ್ಮಸಿ ಕೆಲಸಕ್ಕೆ ಮೆಡಿಕಲ್ ರೆಪ್‌ಗಳು, ಲ್ಯಾಬ್ ಯಂತ್ರಗಳ ಸರ್ವೀಸ್ ಎಂಜಿನಿಯರ್‌ಗಳು. ಫ್ಯಾಕ್ಟರಿ ಕೆಲಸಕ್ಕೆ ಬೇರಿಂಗ್, ಬೆಲ್ಟ್, ಎಲೆಕ್ಟ್ರಿಕಲ್ ಸಾಮಾನು ಮಾರುವ ಅಂಗಡಿಯವರು, ಮೋಟಾರ್ ರಿವೈಂಡಿಂಗ್‌ನವರು, ಲೇಬರ್ ಕಾಂಟ್ರಾಕ್ಟರ್‌ಗಳು. ಮಿಲ್ಲಿನ ಮೇಂಟೆನೆನ್ಸ್‌ನವರು ಬೇರಿಂಗ್ ಒಯ್ಯಲು ಬಂದಾಗ ಕೌಂಟರ್ ಮುಂದೆ ನಿಂತು ಆಡುವ ಮಾತಿನಲ್ಲಿ, "ಆಪರೇಟರ್ ಸಿಗ್ತಿಲ್ಲ ಮಾರಾಯ" ಎಂಬುದೂ ಬಂದು ಹೋಗುತ್ತದೆ.

ಬೆಂಗಳೂರಿನತ್ತ ಕಣ್ಣಿಟ್ಟವರಿಗೆ ಸೀನಿಯರ್‌ಗಳೇ ನಡುವಿನವರು. ಲಿಂಕ್ಡ್‌ಇನ್‌ನಲ್ಲಿ ಬಿಐಇಟಿ, ಯುಬಿಡಿಟಿ, ಎಸ್‌ಜೆಎಂ, ಹೀಗೆ ನಿಮ್ಮ ಕಾಲೇಜಿನ ಪುಟ ತೆರೆದು ಅಲಮ್ನೈ (ಹಳೇ ವಿದ್ಯಾರ್ಥಿಗಳು) ಒತ್ತಿದರೆ ಯಾರು ಯಾವ ಊರಲ್ಲಿ, ಯಾವ ಕಂಪನಿಯಲ್ಲಿ ಇದ್ದಾರೆ ಎಂದು ಬೇರ್ಪಡಿಸಿ ನೋಡಬಹುದು. ನಿಮಗಿಂತ ಎರಡರಿಂದ ಐದು ವರ್ಷ ಮುಂದಿರುವವರು ಒಳ್ಳೆಯದು. ಮ್ಯಾನೇಜರ್ ಆಗಿ ಕೂತವರಿಗೆ ಪುರುಸೊತ್ತಿಲ್ಲ; ಹೋದ ವರ್ಷ ಸೇರಿದವರ ಮಾತಿಗೆ ಇನ್ನೂ ತೂಕ ಬಂದಿರುವುದಿಲ್ಲ.

ಹಂತ 5: ಮೊದಲ ಸಂದೇಶದಲ್ಲಿ ಕೆಲಸ ಕೇಳಬೇಡಿ

ಕೆಲಸ ಕೇಳಿದರೆ ಎದುರಿನವರಿಗೆ ಇರುವುದು ಎರಡೇ ಉತ್ತರ: "ಇಲ್ಲ" ಅಥವಾ "ನೋಡೋಣ". ಎರಡೂ ಒಂದೇ. ಮಾಹಿತಿ ಕೇಳಿದರೆ ಮಾತು ಬೆಳೆಯುತ್ತದೆ. ವಶೀಲಿ ಹಚ್ಚಿದ ಹಾಗಾಗುತ್ತದೆ ಎಂದು ಹಿಂಜರಿಯುವವರಿಗೂ ಇದರಿಂದ ನಿರಾಳ.

ಆಡಿಟರ್ ಆಫೀಸಿಗೆ ಹೀಗೆ ಬರೆಯಬಹುದು:

"ನಮಸ್ಕಾರ ಸರ್. ನಾನು ಎವಿಕೆ ಕಾಲೇಜಿನಲ್ಲಿ ಬಿ.ಕಾಂ ಮುಗಿಸಿದ್ದೀನಿ, ಟ್ಯಾಲಿ ಕಲಿತಿದ್ದೀನಿ. ಸಗಟು ಅಂಗಡಿಗಳಲ್ಲಿ ಅಕೌಂಟ್ಸ್ ನೋಡಿಕೊಳ್ಳೋರಿಗೆ ಇವತ್ತು ಏನೇನು ಗೊತ್ತಿರಬೇಕು ಅಂತ ತಿಳ್ಕೋಬೇಕಿತ್ತು. ನಿಮಗೆ ಬಿಡುವಿದ್ದಾಗ ಆಫೀಸಿಗೆ ಬಂದು ಹದಿನೈದು ನಿಮಿಷ ಮಾತಾಡಬಹುದಾ ಸರ್?"

ಯಾರು, ಏನು ಬೇಕು, ಎಷ್ಟು ಹೊತ್ತು, ಎಲ್ಲಿ: ಇಷ್ಟೇ. ರೆಸ್ಯೂಮೆ ಲಗತ್ತಿಸಬೇಡಿ. ಸೀನಿಯರ್‌ಗೆ ಬರೆಯುವಾಗ ಕಾಲೇಜು, ಬ್ರಾಂಚ್, ಪಾಸಾದ ವರ್ಷ ಮೊದಲ ಸಾಲಿನಲ್ಲೇ ಬರಲಿ. ಗುರುತಿಲ್ಲದವರಿಗೆ ಸರ್, ಮೇಡಂ ಎಂದೇ ಬರೆಯಿರಿ. ಅಣ್ಣ, ಅಕ್ಕ ಎನ್ನುವುದು ಅವರು ಸಲಿಗೆ ಕೊಟ್ಟ ಮೇಲೆ. ಲಿಂಕ್ಡ್‌ಇನ್‌ನ ಉಚಿತ ಖಾತೆಯಲ್ಲಿ ಟಿಪ್ಪಣಿ ಜೊತೆಗೆ ಕಳಿಸುವ ಆಹ್ವಾನಗಳಿಗೆ ಮಿತಿ ಇದೆ, ಕಂಡವರಿಗೆಲ್ಲ ಕಳಿಸಿ ಖಾಲಿ ಮಾಡಿಕೊಳ್ಳಬೇಡಿ.

ಹೊತ್ತು ನೋಡಿ ಹೋಗುವುದೂ ಮುಖ್ಯ. ತಿಂಗಳ 11 ಮತ್ತು 20ನೇ ತಾರೀಕಿನ ಆಸುಪಾಸು ಜಿಎಸ್‌ಟಿ ರಿಟರ್ನ್‌ಗಳ ಕೊನೇ ದಿನ, ಆಡಿಟರ್ ಆಫೀಸಿನ ಕಡೆ ಸುಳಿಯಬೇಡಿ. ಜುಲೈ ಕೊನೆಯ ವಾರವೂ ಹಾಗೇ. ಎಪಿಎಂಸಿಯಲ್ಲಿ ಹರಾಜು, ತೂಕ ನಡೆಯುವಾಗ, ಅದರಲ್ಲೂ ಮೆಕ್ಕೆಜೋಳದ ಸುಗ್ಗಿಯಲ್ಲಿ, ಯಾರೂ ನಿಮ್ಮತ್ತ ತಿರುಗಿ ನೋಡುವುದಿಲ್ಲ. ಬೆಂಗಳೂರಿನ ಸೀನಿಯರ್‌ಗಳನ್ನು ಹಿಡಿಯಲು ಹಬ್ಬಕ್ಕಿಂತ ಒಳ್ಳೆಯ ಸಮಯವಿಲ್ಲ. ದೀಪಾವಳಿಗೆ, ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ, ಆ ಕಡೆ ನಾಯಕನಹಟ್ಟಿ ತೇರಿಗೆ ಊರಿಗೆ ಬಂದೇ ಬರುತ್ತಾರೆ. ಒಂದು ವಾರ ಮುಂಚೆಯೇ ಕೇಳಿಡಿ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಇಪ್ಪತ್ತು ನಿಮಿಷ ಸಿಕ್ಕರೆ ತಿಂಗಳ ಚಾಟಿಂಗ್‌ಗಿಂತ ಮೇಲು. ಬಿಲ್ ನೀವು ಕೊಡಲು ಹೋಗಿ, ಅವರೇ ಕೊಡುತ್ತಾರೆ, ಅದು ಬೇರೆ.

ಹಂತ 6: ಆ ಹದಿನೈದು ನಿಮಿಷ

ಒಬ್ಬರೇ ಹೋಗಿ. ಅಪ್ಪನನ್ನೋ ಮಾವನನ್ನೋ ಕರೆದುಕೊಂಡು ಹೋದರೆ ಮಾತೆಲ್ಲ ಅವರೇ ಆಡುತ್ತಾರೆ, ನೀವು ಗೋಡೆ ನೋಡುತ್ತಾ ಕೂತಿರುತ್ತೀರಿ. ಹೆಣ್ಣುಮಕ್ಕಳು ಭೇಟಿಯನ್ನು ಆಫೀಸ್ ವೇಳೆಯಲ್ಲಿ, ಜನ ಇರುವ ಕಡೆಯೇ ಇಟ್ಟುಕೊಳ್ಳಿ. ಜೊತೆಗೆ ಬಂದ ಗೆಳತಿ ಹೊರಗೆ ಕಾಯಲಿ.

ಪ್ರಶ್ನೆಗಳು ಬರೆದುಕೊಂಡೇ ಹೋಗಿ, ನಾಲ್ಕು ಸಾಕು:

1. ಈ ಕೆಲಸಕ್ಕೆ ಬರುವ ಹೊಸಬರು ಎಲ್ಲಿ ಎಡವುತ್ತಾರೆ?
2. ನನಗೆ ಗೊತ್ತಿರುವುದರಲ್ಲಿ ಏನು ಕಡಿಮೆ ಇದೆ?
3. ಈ ಮೂರು ಕಂಪನಿಗಳನ್ನು ನೋಡಿಟ್ಟುಕೊಂಡಿದ್ದೀನಿ, ನಿಮಗೇನನ್ನಿಸುತ್ತದೆ?
4. ಇನ್ನು ಯಾರ ಹತ್ತಿರ ಮಾತಾಡಿದರೆ ಒಳ್ಳೆಯದು? ನಿಮ್ಮ ಹೆಸರು ಹೇಳಬಹುದಾ?

ಹಂತ 3ರ ಶ್ರಮ ಫಲ ಕೊಡುವುದು ಮೂರನೇ ಪ್ರಶ್ನೆಯಲ್ಲಿ. "ಹರಿಹರ ರೋಡಿನ ಆ ಮಿಲ್ಲಿನಲ್ಲಿ ಹೋದ ವರ್ಷದಿಂದ ಜನ ಜಾಸ್ತಿ ಆಗಿದ್ದಾರಲ್ಲ ಸರ್, ಹೊಸ ಲೈನ್ ಹಾಕಿದ್ರಾ?" ಎಂದು ಕೇಳುವ ಹುಡುಗ ಬೇರೆ, "ಯಾವ್ದಾದ್ರೂ ಕಂಪನಿ ಹೇಳಿ" ಎನ್ನುವ ಹುಡುಗ ಬೇರೆ. ನಾಲ್ಕನೆಯದನ್ನು ಎಂದೂ ಬಿಡಬೇಡಿ, ಮುಂದಿನ ಬಾಗಿಲು ತೆರೆಯುವುದು ಅದರಿಂದಲೇ. "ನಿಮ್ಮ ಹೆಸರು ಹೇಳಬಹುದಾ" ಎಂದು ಕೇಳದೆ ಹೆಸರು ಬಳಸಿದರೆ, ಆ ಬಾಗಿಲು ಮುಚ್ಚಿಯೇ ಹೋಗುತ್ತದೆ.

ಹೇಳಿದ ಹೊತ್ತಿಗೆ ಎದ್ದು ಬನ್ನಿ. ಹೊರಗೆ ಬಂದ ತಕ್ಷಣ, ಗಾಡಿ ಸ್ಟಾರ್ಟ್ ಮಾಡುವ ಮುಂಚೆ, ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿ.

ಹಂತ 7: ಬೆನ್ನು ಹತ್ತುವುದು, ಆದರೆ ಬೆನ್ನು ಬೀಳದೆ

ಅದೇ ದಿನ ಸಂಜೆ ಎರಡು ಸಾಲಿನ ಥ್ಯಾಂಕ್ಸ್, ಅವರು ಹೇಳಿದ ಒಂದು ನಿರ್ದಿಷ್ಟ ವಿಷಯದ ಜೊತೆಗೆ. ಎರಡು ವಾರದ ನಂತರ, ಹೇಳಿದ್ದನ್ನು ಮಾಡಿದ್ದೀರಿ ಎಂಬ ಸುದ್ದಿ: "ಇ-ವೇ ಬಿಲ್ ಕಲೀಬೇಕು ಅಂದಿದ್ರಿ ಸರ್, ಕಲಿತೆ. ನೀವು ಹೇಳಿದ ಮೇಡಂನ ಭೇಟಿ ಮಾಡಿದೆ." ಈ ಎರಡನೇ ಸಂದೇಶ ಬಹಳ ಜನ ಕಳಿಸುವುದಿಲ್ಲ. ಕಳಿಸಿದವರು ನೆನಪಿನಲ್ಲಿ ಉಳಿಯುತ್ತಾರೆ, ಮುಂದೆ ಯಾರಾದರೂ "ಒಬ್ರು ಬೇಕಿತ್ತು" ಎಂದಾಗ ಬಾಯಿಗೆ ಬರುವುದು ಅವರ ಹೆಸರೇ.

ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ದಿನಾ ಬೆಳಗ್ಗೆ ಹೂವಿನ ಚಿತ್ರದ ಗುಡ್ ಮಾರ್ನಿಂಗ್ ಕಳಿಸುವುದು ಸಂಪರ್ಕ ಇಟ್ಟುಕೊಳ್ಳುವ ದಾರಿಯಲ್ಲ, ಮ್ಯೂಟ್ ಆಗುವ ದಾರಿ.

ಹಂತ 8: ಈಗ ರೆಸ್ಯೂಮೆ, ಆಮೇಲೆ ರೆಫರಲ್

ಇಷ್ಟು ಜನರ ಬಾಯಿಂದ ಕೇಳಿದ ಮೇಲೆ ರೆಸ್ಯೂಮೆ ತಾನಾಗಿ ಬದಲಾಗುತ್ತದೆ. ಒಂದೇ ಪುಟ. ಅವರು ಬಳಸಿದ ಪದಗಳೇ ಬರಲಿ. ತಂದೆಯ ಹೆಸರು, ಜಾತಿ, ಕೊನೆಗೊಂದು ಪ್ರಮಾಣ ಮಾಡಿ ಸಹಿ ಹಾಕುವ ಸಾಲು ಇವೆಲ್ಲ ಬೇಡ. ಪಿಡಿಎಫ್ ಫೈಲಿಗೆ ನಿಮ್ಮ ಹೆಸರು ಮತ್ತು ಕೆಲಸದ ಹೆಸರು ಇಡಿ. "ಫೈನಲ್ ನ್ಯೂ 2" ಎಂಬ ಫೈಲು ಎಚ್‌ಆರ್ ಫೋನಿನಲ್ಲಿ ಎಷ್ಟೋ ಬಿದ್ದಿರುತ್ತವೆ.

ದೊಡ್ಡ ಕಂಪನಿಗೆ ಸೀನಿಯರ್ ರೆಫರ್ ಮಾಡುವುದಾದರೆ, ಅಂದರೆ ತಮ್ಮ ಕಂಪನಿಗೆ ನಿಮ್ಮ ಹೆಸರು ಸೂಚಿಸುವುದಾದರೆ, ಜಾಬ್ ಐಡಿ (ಆ ಹುದ್ದೆಗೆ ಕಂಪನಿ ಕೊಟ್ಟ ಸಂಖ್ಯೆ), ಪಿಡಿಎಫ್, "ಈ ಕೆಲಸಕ್ಕೆ ಇವರು ಯಾಕೆ" ಎಂಬ ಮೂರು ಸಾಲು, ಈ ಮೂರನ್ನೂ ಒಂದೇ ಸಲ ಕಳಿಸಿ. ಅವರು ಕಾಪಿ ಮಾಡಿ ಹಾಕಿದರೆ ಸಾಕು ಎನ್ನುವಂತಿರಬೇಕು. ಆತುರಕ್ಕೆ ಬಿದ್ದು ಮೊದಲೇ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಡಿ. ಒಮ್ಮೆ ನೇರ ಅರ್ಜಿ ಹೋದರೆ ಹಲವು ಕಂಪನಿಗಳಲ್ಲಿ ಅದೇ ಹೆಸರಿಗೆ ರೆಫರಲ್ ಹಿಡಿಯುವುದಿಲ್ಲ.

ಹಂತ 9: ಕೆಂಪು ದೀಪಗಳು

ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ರಿಜಿಸ್ಟ್ರೇಷನ್, ಟ್ರೈನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್, ಯೂನಿಫಾರ್ಮ್, ಯಾವ ಹೆಸರಿನಲ್ಲಿ ಕೇಳಿದರೂ ಅಲ್ಲಿಗೇ ನಿಲ್ಲಿಸಿ. ಇಂಟರ್‌ವ್ಯೂ ಬರೀ ಟೆಲಿಗ್ರಾಂ ಚಾಟ್‌ನಲ್ಲಿ ಮುಗಿದರೆ, ದೊಡ್ಡ ಕಂಪನಿಯ ಆಫರ್ ಜಿಮೇಲ್‌ನಿಂದ ಬಂದರೆ, "ಮನೆಯಲ್ಲೇ ಡೇಟಾ ಎಂಟ್ರಿ" ಎಂದು ಅಗ್ರಿಮೆಂಟಿಗೆ ಸಹಿ ಹಾಕಿಸಿಕೊಂಡರೆ, ನಿಮ್ಮ ಬ್ಯಾಂಕ್ ಖಾತೆ ಬಳಸಲು ಕೊಡಿ ಎಂದರೆ, ಮುಂದೆ ಹೋಗಬೇಡಿ. ಖಾತೆ ಕೊಟ್ಟವರ ಮೇಲೂ ಕೇಸು ಬೀಳುತ್ತದೆ. ಥಾಯ್ಲೆಂಡ್, ಕಾಂಬೋಡಿಯಾ, ಮ್ಯಾನ್ಮಾರ್‌ನಲ್ಲಿ ಕಂಪ್ಯೂಟರ್ ಕೆಲಸ ಎಂದು ಕರೆದೊಯ್ದು ಸೈಬರ್ ವಂಚನೆ ಮಾಡಿಸುವ ಜಾಲಗಳ ಬಗ್ಗೆ ವಿದೇಶಾಂಗ ಸಚಿವಾಲಯವೇ ಎಚ್ಚರಿಸಿದೆ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆ ಬಿಟ್ಟು ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ದುಡ್ಡು ಬೇರೆ ಬೇರೆ ಖಾತೆಗಳಿಗೆ ಹೊರಟುಹೋಗುತ್ತದೆ.

ಪರಿಚಯದವರ ಮೂಲಕ ಬಂದಿದ್ದರೂ ಇದೇ ಪರೀಕ್ಷೆ. "ನಮ್ಮೋರೇ ಹೇಳಿದ್ದು" ಎಂಬ ಧೈರ್ಯದಲ್ಲಿ ದುಡ್ಡು ಕಳೆದುಕೊಂಡವರು ಕಡಿಮೆಯಿಲ್ಲ. ಹೇಳಿದ ನಮ್ಮೋರೂ ಮೋಸ ಹೋಗಿರುತ್ತಾರೆ.

ಹಂತ 10: ಆಫರ್ ಓದುವುದು

ಸಿಟಿಸಿ (ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು) ಕೇಳಿ ಖುಷಿಪಡುವ ಮೊದಲು ಕೈಗೆ ಬರುವುದೆಷ್ಟು ಎಂದು ಲೆಕ್ಕ ಹಾಕಿ. ತಿಂಗಳಿಗೆ 20,025 ರೂಪಾಯಿ ಸಿಟಿಸಿ ಎಂದುಕೊಳ್ಳಿ. ಅದರಲ್ಲಿ ಗ್ರಾಸ್ (ಕಡಿತಕ್ಕೆ ಮುಂಚಿನ ಸಂಬಳ) 18,000, ಅದರೊಳಗೆ ಬೇಸಿಕ್ (ಮೂಲ ವೇತನ) 12,000. ಉಳಿದ 2,025 ಕಂಪನಿ ಕಟ್ಟುವ ಪಿಎಫ್ (1,440) ಮತ್ತು ನೌಕರರ ವೈದ್ಯಕೀಯ ವಿಮೆಯಾದ ಇಎಸ್‌ಐ (585), ನಿಮ್ಮ ಕೈಗೆ ಬರುವುದಲ್ಲ. ನಿಮ್ಮ ಗ್ರಾಸ್‌ನಿಂದ ಪಿಎಫ್ ಬೇಸಿಕ್‌ನ 12% ಎಂದು 1,440, ಇಎಸ್‌ಐ ಗ್ರಾಸ್‌ನ 0.75% ಎಂದು 135 ಕಡಿತ. ಬ್ಯಾಂಕಿಗೆ ಬೀಳುವುದು 16,425. ಹಂತ 1ರಲ್ಲಿ ಬರೆದಿಟ್ಟ ಕನಿಷ್ಠ ಸಂಬಳವನ್ನು ಈ ಅಂಕಿಯ ಪಕ್ಕ ಇಟ್ಟು ನೋಡಿ. ಗ್ರಾಸ್ 21,000 ದಾಟಿದರೆ ಇಎಸ್‌ಐ ಬರುವುದಿಲ್ಲ, ಮನೆಯವರ ಆಸ್ಪತ್ರೆ ಖರ್ಚಿನ ದೃಷ್ಟಿಯಿಂದ ಅದನ್ನೂ ಕೇಳಿಕೊಳ್ಳಿ.

ಬಾಂಡ್ ಇದೆಯೇ, ಎಷ್ಟು ತಿಂಗಳು, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬುದು ಬರಹದಲ್ಲಿ ಇರಲಿ. ಮಾರ್ಕ್ಸ್ ಕಾರ್ಡಿನ ಅಸಲಿ ಪ್ರತಿಯನ್ನು ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ. "ಅಸಲಿ ನಮ್ಮ ಹತ್ರಾನೇ ಇರ್ಲಿ" ಎಂದರೆ ಒಪ್ಪಬೇಡಿ, ಬಿಡುವಾಗ ಅದನ್ನು ವಾಪಸ್ ತೆಗೆದುಕೊಳ್ಳುವುದೇ ಒಂದು ಕೆಲಸವಾಗುತ್ತದೆ.

ಸೇರಿದ ಮೇಲೆ, ಮೊದಲ ಸಂಬಳ ಬಂದು ಒಂದು ತಿಂಗಳಿಗೆ ಯುಎಎನ್ (ನಿಮ್ಮ ಪಿಎಫ್ ಗುರುತಿನ ಸಂಖ್ಯೆ) ಹಾಕಿ ಪಿಎಫ್ ಪಾಸ್‌ಬುಕ್ ತೆರೆಯಿರಿ. ಸ್ಲಿಪ್‌ನಲ್ಲಿ ಕಡಿದದ್ದು ಪಾಸ್‌ಬುಕ್‌ನಲ್ಲಿ ಕಾಣದಿದ್ದರೆ ಅಕೌಂಟ್ಸ್ ವಿಭಾಗವನ್ನು ಆಗಲೇ ಕೇಳಿ, ಆರು ತಿಂಗಳು ಬಿಟ್ಟು ಅಲ್ಲ. ನೋಟ್‌ಬುಕ್ ತೆರೆದು, ಹದಿನೈದು ನಿಮಿಷ ಕೊಟ್ಟ ಪ್ರತಿಯೊಬ್ಬರಿಗೂ ಎಲ್ಲಿ ಸೇರಿದ್ದೀರಿ ಎಂದು ತಿಳಿಸಿ. ಅವರು ಹೇಳಿದ ಜಾಗದಲ್ಲಿ ಸಿಗದಿದ್ದರೂ ಸರಿ. ಇಲ್ಲವಾದರೆ ಅವರು ನಿಮಗಾಗಿ ಇನ್ನೂ ಅಲ್ಲಿ ಇಲ್ಲಿ ಕೇಳುತ್ತಲೇ ಇರುತ್ತಾರೆ.